ಗಾಣಗಾಪುರದ ನಾಲ್ಕು ನಾಯಿಗಳೂ ನಮ್ಮ ಓಣಿಯ ಒಂದು ನಾಯಿಯೂ



“ಮನುಷ್ಯರಿಗೇ ದಿಕ್ಕಿಲ್ಲದ ಸೀಮೆಯಲ್ಲಿ ನಾಯಿಯ ಚಿಂತೆ ಏಕೆ ಗುರುಗಳೇ?” ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ. ನನ್ನ ಬಳಿ ಸಂಧಿ-ಸಮಾಸ ಕಲಿತು ಇಂದು ದೊಡ್ಡ ಹುದ್ದೆಯಲ್ಲಿರುವ ಶಿಷ್ಯರೂ ದೂರವಾಣಿಯಲ್ಲಿ ಕೇಳಿದ್ದಾರೆ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉತ್ತರಿಸುವ ಶ್ರಮವನ್ನು ಉಳಿಸಿಕೊಳ್ಳಲು ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ. ಉತ್ತರ ತುಸು ಖಾರವಾಗಿ ತೋರಿದರೆ ಅದು ನಮ್ಮ ಸೀಮೆಯ ಚಟ್ನಿಯ ಗುಣವೆಂದು ತಿಳಿದು ಸಹಿಸಿಕೊಳ್ಳಿರಿ.

ಆ ಪ್ರಶ್ನೆಯ ಒಳಗೆ ಒಂದು ಲೆಕ್ಕ ಅಡಗಿದೆ. ದಯೆಯೆಂಬುದು ಹಗೇವಿನೊಳಗಿನ ಜೋಳದಂತೆ. ನಾಯಿಗೆ ಒಂದು ಸೇರು ಅಳೆದುಕೊಟ್ಟರೆ ಮನುಷ್ಯನ ಪಾಲಿಗೆ ಒಂದು ಸೇರು ಕಡಿಮೆಯಾಗುತ್ತದೆ ಎಂಬ ಲೆಕ್ಕ ಅದು. ಈ ಲೆಕ್ಕ ತಪ್ಪು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದಾಗ, ಕಾಳಜಿ ಕೇಂದ್ರಗಳಿಗೆ ರೊಟ್ಟಿಯ ಗಂಟು ಹೊತ್ತುಕೊಂಡು ಹೋದವರನ್ನು ನಾನು ಬಲ್ಲೆ. ಅವರಲ್ಲಿ ಹಲವರ ಮನೆಯ ಮುಂದೆ ಏಪ್ರಿಲ್-ಮೇ ತಿಂಗಳುಗಳ ಉರಿಬಿಸಿಲಿನಲ್ಲಿ ನಾಯಿ, ದನ, ಗುಬ್ಬಿಗಳಿಗೆಂದು ನೀರು ತುಂಬಿದ ಕಲ್ಲಿನ ಬಾನಿ ಇರುತ್ತದೆ. “ಮೊದಲು ಮನುಷ್ಯರು” ಎಂದು ಉಪದೇಶ ಮಾಡುವವರ ಪೈಕಿ ಯಾರನ್ನೂ ನಾನು ಆ ರೊಟ್ಟಿಯ ಗಂಟಿನ ಸಮೀಪ ಕಾಣಲಿಲ್ಲ. ಅವರ ಮಾತಿನಲ್ಲಿ ಬರುವ ಮನುಷ್ಯ, ರಸ್ತೆಯಲ್ಲಿ ಬಿದ್ದ ನಾಯಿಯನ್ನು ದಾಟಿ ಹೋಗುವುದಕ್ಕೆ ಬೇಕಾದ ಒಂದು ನೆಪ ಮಾತ್ರ.

ಇನ್ನು ಭಕ್ತಿಯ ಮಾತು. ನಮ್ಮ ಮೂರು ತಾಲ್ಲೂಕುಗಳಷ್ಟು ದೇವರು, ಶರಣರು, ಸಂತರು ಒಟ್ಟಾಗಿ ನೆಲೆಸಿರುವ ಭೂಮಿ ಅಪರೂಪ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹುಣ್ಣಿಮೆಗೆ, ದತ್ತ ಜಯಂತಿಗೆ ಬರುವ ಜನಸಾಗರವನ್ನು ನೀವೆಲ್ಲ ನೋಡಿದ್ದೀರಿ. ಭೀಮಾ-ಅಮರ್ಜಾ ಸಂಗಮದಲ್ಲಿ ಸ್ನಾನ, ನಿರ್ಗುಣ ಪಾದುಕೆಗಳ ದರ್ಶನ, ಮಧ್ಯಾಹ್ನ ಐದು ಮನೆಗಳ ಮುಂದೆ ನಿಂತು ಮಧುಕರಿ ಭಿಕ್ಷೆ. ಆ ಹೊತ್ತಿಗೆ ಸ್ವಾಮಿಯೂ ಯಾವುದೋ ಒಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬುದು ಅಲ್ಲಿಯ ನಂಬಿಕೆ. ಅಂಗಡಿಗಳಲ್ಲಿ ಮಾರುವ ದತ್ತಾತ್ರೇಯನ ಪಟದಲ್ಲಿ ಅವನ ಪಾದದ ಬಳಿ ನಾಲ್ಕು ನಾಯಿಗಳಿರುತ್ತವೆ. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಪಟಕ್ಕೆ ಊದುಬತ್ತಿ ಬೆಳಗಿ, ನಾಲ್ಕು ವೇದಗಳಿಗೂ ನಮಸ್ಕರಿಸಿ, ಪ್ರಸಾದದ ಪೊಟ್ಟಣವನ್ನು ವಾಹನದ ಮುಂಭಾಗದಲ್ಲಿ ಇಟ್ಟುಕೊಂಡು ಹೊರಟ ಭಕ್ತನು ಹಿಂತಿರುಗುವ ದಾರಿಯಲ್ಲಿ ಐದನೆಯದೊಂದರ ಬೆನ್ನ ಮೇಲೆ ಗಾಲಿ ಹಾಯಿಸುತ್ತಾನೆ. ಕನ್ನಡಿಯಲ್ಲಿ ಒಮ್ಮೆ ನೋಡುತ್ತಾನೆ. ನಿಲ್ಲುವುದಿಲ್ಲ. ಪಟದ ನಾಯಿಗೆ ಹಸಿವಿಲ್ಲ, ಕಜ್ಜಿಯಿಲ್ಲ, ಹುಣ್ಣಿನಲ್ಲಿ ಹುಳವಿಲ್ಲ; ಆದುದರಿಂದಲೇ ಅದು ವೇದ. ರಸ್ತೆಯ ನಾಯಿಗೆ ಇವೆಲ್ಲವೂ ಇವೆ. ಆದುದರಿಂದ ಅದು ಬರಿಯ ನಾಯಿ. ಯಾವುದೋ ರೂಪದಲ್ಲಿ ಬರುತ್ತಾನೆ ಎಂದು ನಂಬುವವರು ಆ ರೂಪ ಮಾತ್ರ ಎರಡು ಕಾಲಿನದೇ ಆಗಿರಬೇಕು, ಸ್ನಾನ ಮಾಡಿರಬೇಕು ಎಂದು ಷರತ್ತು ಹಾಕಿದ್ದು ಯಾವಾಗ?

ಕಲಬುರ್ಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಹೊಲ ಕಾಯಲು ನಿಂತ ಶರಣರು ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರು ಎಂಬ ಕಥೆಯನ್ನು ನಮ್ಮಲ್ಲಿ ಅಜ್ಜಿಯಂದಿರು ಮಕ್ಕಳಿಗೆ ಉಣ್ಣಿಸುವಾಗ ಹೇಳುತ್ತಿದ್ದರು. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಉರುಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಬಾಯಾರಿ ಕೆಸರು ನೆಕ್ಕುತ್ತಿದ್ದ ನಾಯಿಯೊಂದನ್ನು ಕಂಡು ಬಾವಿಗಿಳಿದು, ಚರ್ಮದ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದ ದಾರಿಹೋಕನ ಪಾಪಗಳನ್ನು ದೇವರು ಕ್ಷಮಿಸಿದನೆಂದು ಪ್ರವಾದಿಯವರು ಹೇಳಿದುದು ಹದೀಸಿನಲ್ಲಿ ದಾಖಲಾಗಿದೆ. ನಾಯಿಯ ಜೊಲ್ಲು ತಾಗಿದರೆ ತೊಳೆಯಬೇಕೆಂಬ ನಿಯಮ ಬೇರೆ, ಬಾಯಾರಿದ ಜೀವದ ಹಕ್ಕು ಬೇರೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಗಳ ಮಡಿವಂತರೂ ಇದನ್ನು ಗಮನಿಸಬಹುದು.

ಭಾಷೆಯ ಮೇಷ್ಟರಾದ್ದರಿಂದ ಒಂದು ಮಾತನ್ನು ನಡುವೆ ಸೇರಿಸುತ್ತೇನೆ. ಕಷ್ಟದ ಬದುಕಿಗೆ ನಾವು ‘ನಾಯಿಪಾಡು’ ಎನ್ನುತ್ತೇವೆ. ನಾಯಿಯ ಪಾಡು ಎಷ್ಟು ಹೀನವೆಂಬುದು ನಮಗೆ ಗೊತ್ತಿಲ್ಲದಿದ್ದರೆ ಈ ಸಮಾಸವೇ ಹುಟ್ಟುತ್ತಿರಲಿಲ್ಲ. ಅದೇ ನಾಲಿಗೆಯಿಂದ ‘ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ’ ಎಂದೂ ಹೇಳುತ್ತೇವೆ. ನಿಯತ್ತು ಅದರದು, ಪಾಡೂ ಅದರದು. ಹಾಗಾದರೆ ನಮ್ಮದೇನು?

ಈಗ ನಮ್ಮ ಓಣಿಯ ಸಂಗತಿಗೆ ಬರುತ್ತೇನೆ. ಕಳೆದ ವರ್ಷ ಕಬ್ಬಿನ ಹಂಗಾಮಿನಲ್ಲಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳು ಆಳಂದದ ರಸ್ತೆಗಳಲ್ಲಿ ಓಡಾಡುವ ದಿನಗಳಲ್ಲಿ, ಒಂದು ಕೆಂಚು ಹೆಣ್ಣುನಾಯಿಗೆ ತಿರುವಿನಲ್ಲಿ ಯಾವುದೋ ವಾಹನ ಬಡಿಯಿತು. ಹಿಂಗಾಲುಗಳೆರಡೂ ಏಳಲಿಲ್ಲ. ಮುಂಗಾಲುಗಳಿಂದ ಮೈಯನ್ನು ಎಳೆದುಕೊಂಡು ಚರಂಡಿಯ ಅಂಚಿಗೆ ಬಂದು ಬಿದ್ದಿತು. ಮುಂದಿನ ಅರ್ಧ ತಾಸಿನಲ್ಲಿ ಆ ದಾರಿಯಲ್ಲಿ ಯಾರು ಯಾರು ಹಾದುಹೋದರೆಂಬ ಪಟ್ಟಿಯನ್ನು ನಾನು ಕೊಡಬಲ್ಲೆ. ಅವರಲ್ಲಿ ಕೆಲವರು ಇದನ್ನು ಓದುವವರೇ ಆದ್ದರಿಂದ ಕೊಡುವುದಿಲ್ಲ. ಒಬ್ಬರು ಮೂಗು ಮುಚ್ಚಿಕೊಂಡರು. ಇಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದರು. ಒಬ್ಬ ಮಹನೀಯರು “ಪುರಸಭೆಯವರಿಗೆ ಫೋನ್ ಹಚ್ಚಿ ಹೇಳ್ರಿ, ಎತ್ತಿ ಒಗೀತಾರ” ಎಂದು ಸಲಹೆ ಕೊಟ್ಟು ಮೋಟಾರ್ ಸೈಕಲ್ ಏರಿದರು. ಆಗಿನ್ನೂ ಅದು ಉಸಿರಾಡುತ್ತಿತ್ತು.

ಮೊದಲು ಅದರ ಪಕ್ಕದಲ್ಲಿ ಕುಳಿತವನು ಪಂಕ್ಚರ್ ಅಂಗಡಿಯ ಹುಡುಗ. ಹತ್ತನೆಯ ತರಗತಿಯಲ್ಲಿ ಎರಡು ಬಾರಿ ಅನುತ್ತೀರ್ಣನಾದವನು; ನನ್ನ ವಿಷಯದಲ್ಲಿಯೂ. “ಸರ, ಜೀವ ಅದರಿ ಇನ್ನ. ಮನ್ಯಾಗ ಖಾಲಿ ಚೀಲ ಇದ್ರ ಕೊಡ್ರಿ” ಎಂದ. ನೋವಿನಲ್ಲಿರುವ ನಾಯಿ ತನಗೆ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಹೆಗಲ ಮೇಲಿನ ಟವೆಲ್ಲನ್ನು ಉದ್ದಕ್ಕೆ ಹರಿದು, ಮೂಗಿನ ಹೊಳ್ಳೆಗಳು ಮುಚ್ಚದಂತೆ ಬಾಯಿಗೆ ಸಡಿಲವಾಗಿ ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದ. ಕಾಲು ಹಿಡಿದು ಎತ್ತಲಿಲ್ಲ. ಮೈಯ ಕೆಳಗೆ ಗೋಣಿಚೀಲವನ್ನು ಮೆಲ್ಲಗೆ ಸರಿಸಿ ನಾಲ್ಕು ಮೂಲೆ ನಾಲ್ವರು ಹಿಡಿಯುವಂತೆ ಮಾಡಿದ. ಯಾರೋ ಬಾಯಿಗೆ ನೀರು ಹೊಯ್ಯಲು ಬಂದಾಗ ತಡೆದ. ಇನ್ನೊಬ್ಬರು ತಮ್ಮ ಜೇಬಿನಿಂದ ಮೈಕೈ ನೋವಿನ ಮಾತ್ರೆ ತೆಗೆದರು. ಅದನ್ನು ನಾನು ತಡೆದೆ. ಓದುಗರೂ ನೆನಪಿಡಬೇಕು: ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ನಾಯಿಯ ಯಕೃತ್ತನ್ನೂ ಮೂತ್ರಪಿಂಡವನ್ನೂ ಹಾಳುಮಾಡಬಲ್ಲವು. ಪಶುವೈದ್ಯರನ್ನು ಕೇಳದೆ ಒಂದು ಚೂರನ್ನೂ ಕೊಡಕೂಡದು.

ಪಶು ಆಸ್ಪತ್ರೆಯ ವೈದ್ಯರು ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದಾಗ ನಾಯಿ ತಿರುಗಿ ನೋಡಿ ನರಳಿತು. ಅವರ ಮುಖ ಅರಳಿತು. “ನೋವು ಗೊತ್ತಾಗ್ಲಿಕತ್ತದ ಅಂದ್ರ ಬೆನ್ನುಹುರಿ ಉಳದದ. ಸೊಂಟದ ಎಲುಬು ಬಿರದದ. ಇಕ್ಕಟ್ಟಾದ ಜಾಗದಾಗ ಆರು ವಾರ ಅಲುಗಾಡದಂಗ ಇಡಬೇಕು, ಇಟ್ಟೀರಾ?” ಎಂದು ಕೇಳಿದರು. ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ, ದೊಡ್ಡ ಯಂತ್ರ ಬೇಕಿರಲಿಲ್ಲ. ಬೇಕಾದದ್ದು ಆರು ವಾರ, ಮತ್ತು ಆ ಆರು ವಾರ ಬೇಸರವಿಲ್ಲದೆ ನಿಲ್ಲುವ ಜನ.

ಜನ ನಿಂತರು. ಪಂಕ್ಚರ್ ಅಂಗಡಿಯ ಹಿಂದೆ ನಾಲ್ಕು ಶಹಾಬಾದ್ ಫರ್ಸಿಗಳನ್ನು ನಿಲ್ಲಿಸಿ, ಮೇಲೆ ಮುರುಕು ಹೊರಸೊಂದನ್ನು ಮಗುಚಿ ಗೂಡು ಮಾಡಿದರು. ಖಾನಾವಳಿಯ ತಾಯಿ ಖಾರ ಹಾಕುವ ಮೊದಲೇ ಬೇಳೆಯ ಕಟ್ಟನ್ನು ಪ್ರತ್ಯೇಕವಾಗಿ ಬಸಿದು ಕೊಟ್ಟಳು. ಅದರಲ್ಲಿ ಜೋಳದ ರೊಟ್ಟಿ ನೆನೆಸಿ ಉಣ್ಣಿಸಿದರು. ಮಾಂಸದ ಅಂಗಡಿಯವರು ವಾರಕ್ಕೆರಡು ಸಲ ಒಂದು ಪೊಟ್ಟಣ ಕಳುಹಿಸಿದರು. ಒಂದೇ ಮಗ್ಗುಲಿಗೆ ಮಲಗಿದರೆ ಚರ್ಮ ಕೊಳೆಯುತ್ತದೆಂದು ವೈದ್ಯರು ಎಚ್ಚರಿಸಿದ್ದರಿಂದ, ಎದುರು ಮನೆಯ ಒಬ್ಬ ವೃದ್ಧೆ ಹಗಲೆಲ್ಲ ಮೂರು ತಾಸಿಗೊಮ್ಮೆ ಬಂದು ಅದನ್ನು ಹೊರಳಿಸಿದಳು. ಮಂಡಿನೋವಿನ ಆ ಮುದುಕಿ ಬಗ್ಗುವುದನ್ನು ನೋಡಿದರೆ ಯಾರಿಗೆ ಯಾರು ಆರೈಕೆ ಮಾಡಬೇಕೆಂಬ ಸಂದೇಹ ಬರುತ್ತಿತ್ತು. ಶಾಲೆಯ ಮಕ್ಕಳು ಸರದಿಯ ಮೇಲೆ ಗೋಣಿ ಬದಲಿಸಿ ತೊಳೆದರು. ಚಹಾ ಅಂಗಡಿಯ ಮೇಜಿನ ಮೇಲೆ ಒಂದು ಡಬ್ಬಿ ಕುಳಿತಿತು. ಅದರಲ್ಲಿ ಯಾವ ಜಾತಿಯ ನಾಣ್ಯ ಎಷ್ಟು ಬಿದ್ದಿತೆಂದು ಎಣಿಸಿದವರಿಲ್ಲ. ಏಳನೆಯ ವಾರ ಅದು ಗೋಡೆಗೆ ಒರಗಿಕೊಂಡು ನಿಂತಿತು. ಈಗ ತುಸು ವಾಲಿಕೊಂಡು ನಡೆಯುತ್ತದೆ. ಓಡುವಾಗ ಹಿಂಭಾಗ ಒಂದು ಪಕ್ಕಕ್ಕೆ ಹೋಗುತ್ತದೆ.

ಆ ಓಣಿಯ ಜನರಲ್ಲಿ ಒಬ್ಬರಿಗೂ ತಿಂಗಳ ಸಂಬಳವಿಲ್ಲ, ನನ್ನ ಪಿಂಚಣಿಯೊಂದನ್ನು ಬಿಟ್ಟರೆ. ಮನುಷ್ಯರಿಗೇ ದಿಕ್ಕಿಲ್ಲ ಎನ್ನುವಾಗ ಯಾರನ್ನು ಉದಾಹರಿಸುತ್ತಾರೋ ಆ ದಿಕ್ಕಿಲ್ಲದವರೇ ಇವರು. ದಿಕ್ಕಿರುವವರು ಸಲಹೆ ಕೊಟ್ಟು ಹೋದರು.

ಗುಣವಾದ ಮೇಲೆ ರೇಬೀಸ್ ಲಸಿಕೆ ಹಾಕಿಸಿದೆವು. ಸಂತಾನಶಕ್ತಿಹರಣ ಚಿಕಿತ್ಸೆಗಾಗಿ ಒಂದು ಕಚೇರಿಗೆ ಹೋದಾಗ ಅಲ್ಲಿಯವರು ಒಂದು ನಮೂನೆಯನ್ನು ಮುಂದೆ ತಳ್ಳಿ, “ಮಾಲೀಕರ ಹೆಸರು ಬರೀರಿ, ಯಾರದೂ ಅಲ್ಲ ಅಂದ್ರ ನಮಗ ಬರಂಗಿಲ್ಲ” ಎಂದರು. ಪಂಕ್ಚರ್ ಹುಡುಗ ಪೆನ್ನು ತೆಗೆದುಕೊಂಡು ಆ ಗೆರೆಯ ಮೇಲೆ ‘ಓಣಿ’ ಎಂದು ಬರೆದ. ಗುಮಾಸ್ತರು ನಕ್ಕು ನಮೂನೆಯನ್ನು ಬದಿಗಿಟ್ಟರು. ನಾನು ನಗಲಿಲ್ಲ, ಏಕೆಂದರೆ ಹುಡುಗನು ಬರೆದದ್ದೇ ಕಾನೂನು. ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ‘ಸಮುದಾಯದ ಪ್ರಾಣಿ’ ಎಂದು ಕರೆದಿವೆ. ಅದಕ್ಕೆ ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2001ರ ನಿಯಮಗಳಲ್ಲಿಯೂ ಈ ವ್ಯವಸ್ಥೆ ಇತ್ತು. ಎರಡು ದಶಕ ಕಳೆದರೂ ನಮೂನೆಯಲ್ಲಿ ಮಾಲೀಕನ ಗೆರೆ ಮಾತ್ರ ಉಳಿದಿದೆ.

ಯಾರದೂ ಅಲ್ಲ ಎಂಬ ಮಾತು ನಮ್ಮ ನಾಡಿನ ಹಳೆಯ ಮಾತೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ವೀರಗಲ್ಲಿದ್ದಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ತಕ್ಕೋಲದ ಯುದ್ಧವನ್ನು ಹೇಳುವ ಅದೇ ಶಾಸನ, ಮಣಲೇರನೆಂಬ ವೀರನ ಕಾಳಿ ಎಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಸಾಮ್ರಾಟನ ವಿಜಯಕ್ಕೂ ನಾಯಿಯ ಮರಣಕ್ಕೂ ಒಂದೇ ಕಲ್ಲು ಸಾಕಾಯಿತು. ಅದು ಬೇಟೆಯ ನಾಯಿ, ಒಡೆಯನಿದ್ದ ನಾಯಿ ಎಂದು ನೀವು ವಾದಿಸಬಹುದು. ಒಪ್ಪಿದೆ. ಆದರೆ ನಮ್ಮ ಗೌರವ ಇಂದಿಗೂ ಅಲ್ಲಿಯೇ ನಿಂತಿದೆ: ಮುಧೋಳದ ನಾಯಿಗೆ 2005ರಲ್ಲಿ ಅಂಚೆ ಚೀಟಿ, ಮುಂದೆ ಸೇನೆಯಲ್ಲಿ ತರಬೇತಿ, ಓಣಿಯ ನಾಯಿಗೆ ಕಲ್ಲು, ಶಾಸನದ್ದಲ್ಲ, ಎಸೆಯುವ ಕಲ್ಲು.

ನನ್ನ ಜಗಳ ಕಲ್ಲೆಸೆಯುವವರೊಡನೆ ಮಾತ್ರವಲ್ಲ, ಬಿಸ್ಕತ್ತು ಎಸೆಯುವವರೊಡನೆಯೂ ಇದೆ. ಇದನ್ನು ಓದಿ ನನ್ನ ಕೆಲವು ಬಂಧುಗಳು ಮುನಿಸಿಕೊಳ್ಳುವರು, ಮುನಿಸಿಕೊಳ್ಳಲಿ. ಶನಿವಾರ ಕರಿನಾಯಿಗೆ ಎಣ್ಣೆ ಸವರಿದ ರೊಟ್ಟಿ ಹಾಕಿದರೆ ಶನಿಕಾಟ ತೊಲಗುವುದೆಂದು ಯಾರೋ ಜ್ಯೋತಿಷಿ ಹೇಳಿದ್ದಾನೆ. ರೊಟ್ಟಿ ಹಾಕಿ, ಕೈಮುಗಿದು, ಹೊರಟುಹೋಗುತ್ತಾರೆ. ಆ ನಾಯಿಯ ಕಿವಿಯ ಹಿಂದಿನ ಹುಣ್ಣು ಅವರ ಕಣ್ಣಿಗೆ ಬೀಳುವುದಿಲ್ಲ. ಅದು ಮರಿ ಹಾಕಿ, ಆ ಮರಿಗಳಲ್ಲಿ ಅರ್ಧ ರಸ್ತೆಯಲ್ಲಿ ಸತ್ತು, ಉಳಿದರ್ಧ ಮುಂದಿನ ವರ್ಷ ಮತ್ತೆ ಮರಿ ಹಾಕುವುದು ಅವರ ಗ್ರಹಗತಿಗೆ ಸಂಬಂಧಿಸಿದ್ದಲ್ಲ. ನಾಯಿಯ ಗರ್ಭಾವಧಿ ಸುಮಾರು 63 ದಿನ; ವರ್ಷಕ್ಕೆ ಎರಡು ಸೂಲು ಸಾಧ್ಯ. ಲಸಿಕೆಯನ್ನೂ ಚಿಕಿತ್ಸೆಯನ್ನೂ ಬಿಟ್ಟು ರೊಟ್ಟಿಯೊಂದನ್ನೇ ಕೊಡುವವನು ದಯೆಯ ಸುಲಭದ ಭಾಗವನ್ನು ತಾನಿಟ್ಟುಕೊಂಡು ಕಠಿಣ ಭಾಗವನ್ನು ಪಕ್ಕದ ಮನೆಯ ಮಗುವಿನ ಮೇಲೆ ಹಾಕುತ್ತಾನೆ.

ಮಗುವಿನ ಮಾತು ಉತ್ಪ್ರೇಕ್ಷೆಯಲ್ಲ. ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿದ ನನಗೆ, ಹಾಜರಿ ಪುಸ್ತಕದಲ್ಲಿ ಒಂದು ವಿಚಿತ್ರ ಕ್ರಮದ ಗೈರುಹಾಜರಿ ಪರಿಚಿತವಾಗಿತ್ತು: ಒಂದು ದಿನ ಇಲ್ಲ, ಮೂರು ದಿನ ಬಿಟ್ಟು ಇಲ್ಲ, ಏಳನೆಯ ದಿನ ಇಲ್ಲ, ಹದಿನಾಲ್ಕನೆಯ ದಿನ, ಇಪ್ಪತ್ತೆಂಟನೆಯ ದಿನ. ನಾಯಿ ಕಚ್ಚಿದ ಹುಡುಗ ಚುಚ್ಚುಮದ್ದಿಗೆ ಹೋದ ದಿನಗಳವು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಐದು ಸಲ ಬಸ್ಸು. ಜೊತೆಗೆ ಹೋದ ತಂದೆಗೆ ಐದು ದಿನದ ಕೂಲಿ ಇಲ್ಲ. ಇಂದು ಚರ್ಮದೊಳಗೆ ಕೊಡುವ ವಿಧಾನದಲ್ಲಿ ಭೇಟಿ ನಾಲ್ಕಕ್ಕೆ ಇಳಿದಿದೆ, ಅಷ್ಟೇ. ಆ ಐದು ದಿನಗಳಿಗೂ ಬದಲಾಗಿ ಆ ನಾಯಿಗೆ ಮೊದಲೇ ಒಂದು ಚುಚ್ಚುಮದ್ದು, ಅನಂತರ ವರ್ಷಕ್ಕೊಂದು ಸಾಕಾಗುತ್ತಿತ್ತು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಸಾವು ಬಹುತೇಕ ಖಚಿತ. ಪಾಸ್ಚರ್ ಮಹಾಶಯನು ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ಉಳಿಸಿದ್ದು 1885ರಲ್ಲಿ, ಲಕ್ಷಣಗಳು ತೋರುವ ಮೊದಲು ಲಸಿಕೆ ಕೊಟ್ಟು. ಇಷ್ಟು ವರ್ಷ ಕಳೆದರೂ ನಮ್ಮಲ್ಲಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚುವವರಿದ್ದಾರೆ. ಹಚ್ಚಬೇಡಿರಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಯಗೊಂಡಾಗ ತನ್ನನ್ನು ಮುಟ್ಟಿದವರನ್ನು ನಂಬಿದ ನಾಯಿ ಲಸಿಕೆಗೆ ಕೈಗೆ ಸಿಗುತ್ತದೆ; ಕಲ್ಲು ತಿಂದ ನಾಯಿ ಮನುಷ್ಯನ ನೆರಳು ಕಂಡರೆ ಓಡುತ್ತದೆ. ಆರೈಕೆಗೂ ಸಾರ್ವಜನಿಕ ಆರೋಗ್ಯಕ್ಕೂ ಇರುವ ಸಂಬಂಧ ಇಷ್ಟು ಸರಳ.

ವ್ಯಾಸಭಾರತದ ಕೊನೆಯಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದದ್ದು ಎಲ್ಲರಿಗೂ ಗೊತ್ತು. ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಗಮಕಿಗಳ ಬಾಯಲ್ಲಿ ಆ ಕಥೆ ನಮಗೆ ದೊರೆಯಲಿಲ್ಲ, ಅದು ಬೇರೆ ಮಾತು. ಆದರೆ ಭಾರತದ ಆರಂಭದಲ್ಲಿಯೂ ಒಂದು ನಾಯಿ ಇದೆಯೆಂಬುದನ್ನು ಬಹಳ ಜನ ಮರೆತಿದ್ದಾರೆ. ಜನಮೇಜಯನ ಯಜ್ಞಶಾಲೆಗೆ ಸರಮೆಯ ಮರಿಯೊಂದು ಬಂತು. ರಾಜನ ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತಾ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೋಡಿಯೂ ಇಲ್ಲ, ನೆಕ್ಕಿಯೂ ಇಲ್ಲ ಎಂದಿತು. ದೇವಲೋಕದ ನಾಯಿಯಾದ ಸರಮೆ ಯಜ್ಞಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು ಕೊಟ್ಟ ಶಾಪ, ಕಣ್ಣಿಗೆ ಕಾಣದ ಭಯವೊಂದು ನಿಮ್ಮನ್ನು ಮುಟ್ಟಲಿ ಎಂಬುದು. ಲಸಿಕೆ ಕಾಣದ, ಗಾಯಕ್ಕೆ ಮದ್ದು ಕಾಣದ ನಾಯಿಗಳ ಊರಿನಲ್ಲಿ ಸಂಜೆ ಮಕ್ಕಳನ್ನು ಟ್ಯೂಷನ್ನಿಗೆ ಕಳುಹಿಸುವ ತಾಯಂದಿರ ಎದೆಯಲ್ಲಿರುವುದು ಅದೇ ಭಯ.

ಇದನ್ನು ಕೇಳಿದೊಡನೆ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ: “ಹಂಗಾದ್ರ ಎಲ್ಲಾ ಹಿಡದು ಊರ ಹೊರಗ ಒಗದು ಬರ್ರಿ.” ಊರ ಹೊರಗೆ ಎಂದರೆ ಯಾರದೋ ಊರ ಒಳಗೆ. ಆಳಂದದ್ದನ್ನು ಜೇವರ್ಗಿಯಲ್ಲಿ, ಜೇವರ್ಗಿಯದನ್ನು ಅಫಜಲಪುರದಲ್ಲಿ ಬಿಟ್ಟು ಬಂದರೆ ಮೂರೂ ಕಡೆ ಬಿಲ್ಲು ಪಾಸಾಗುತ್ತದೆ, ನಾಯಿಗಳ ಸಂಖ್ಯೆ ಅಷ್ಟೇ ಇರುತ್ತದೆ. ಖಾಲಿಯಾದ ಜಾಗಕ್ಕೆ, ಕಸದ ರಾಶಿ ಹಾಗೆಯೇ ಇರುವವರೆಗೆ, ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ಇನ್ನು ವಿಷದ ಮಾತು. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬೀದಿನಾಯಿಗಳನ್ನು ಸಾಮೂಹಿಕವಾಗಿ ಕೊಂದು ಹೂತಿದ್ದ ಸುದ್ದಿ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು, ಬಂಧನಗಳಾದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಲ್ಲುವುದಕ್ಕೆ, ವಿಷವಿಕ್ಕುವುದಕ್ಕೆ, ಅಂಗಹೀನಗೊಳಿಸುವುದಕ್ಕೆ ಐದು ವರ್ಷದವರೆಗೆ ಸೆರೆವಾಸ ಉಂಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲ ಅಪರಾಧಕ್ಕೆ ಇಟ್ಟ ದಂಡ 10ರಿಂದ 50 ರೂಪಾಯಿ. ಅಂದು ಅದು ದೊಡ್ಡ ಮೊತ್ತವಾಗಿದ್ದಿರಬಹುದು. ಇಂದು ಎರಡು ಮಿರ್ಚಿಭಜಿ ತಟ್ಟೆಯ ಬೆಲೆ.

2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದುದನ್ನೂ ಜನ ಅರ್ಧ ಓದಿ ಪೂರ್ತಿ ವಾದಿಸುತ್ತಾರೆ. ಆಗಸ್ಟ್ 11ರಂದು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕೆಂಬ ಆದೇಶ ಬಂತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ಇರುವ ಅಥವಾ ಆಕ್ರಮಣಶೀಲವಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ, ಲಸಿಕೆಗಳ ಅನಂತರ ಹಿಡಿದ ಸ್ಥಳಕ್ಕೇ ಬಿಡಬೇಕೆಂದಿತು; ಆಹಾರ ಹಾಕಲು ನಿಗದಿತ ಸ್ಥಳಗಳಿರಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಬೇರೆಡೆ ಇರಿಸಬೇಕೆಂದಿತು. ಶಾಲೆಯ ಆವರಣದ ವಿಷಯದಲ್ಲಿ ನನಗೆ ತಕರಾರಿಲ್ಲ. ಬಿಸಿಯೂಟದ ತಟ್ಟೆ ಹಿಡಿದ ಒಂದನೆಯ ತರಗತಿಯ ಮಗು ನಾಯಿಗೆ ಹೆದರಿ ಊಟ ಬಿಡುವುದನ್ನು ಕಂಡವನು ನಾನು. ನನ್ನ ತಕರಾರು ಇಷ್ಟೇ: ಎಲ್ಲ ಆದೇಶಗಳಲ್ಲಿಯೂ ಇದ್ದ ಲಸಿಕೆ ಎಂಬ ಪದವನ್ನು ಬಿಟ್ಟು ತೆಗೆಯಬೇಕು ಎಂಬ ಪದವೊಂದನ್ನೇ ನಮ್ಮವರು ಕಂಠಪಾಠ ಮಾಡಿದ್ದಾರೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಹಾಕುತ್ತಿದ್ದೆ.

2022ರಲ್ಲಿ ‘777 ಚಾರ್ಲಿ’ ಬಂದಾಗ ನಮ್ಮ ಜನ ಕರವಸ್ತ್ರ ಒದ್ದೆ ಮಾಡಿಕೊಂಡು ಚಿತ್ರಮಂದಿರದಿಂದ ಹೊರಬಂದರು. ಮುಖ್ಯಮಂತ್ರಿಗಳೇ ಕಣ್ಣೀರಿಟ್ಟರು, ಚಿತ್ರಕ್ಕೆ ರಾಜ್ಯದ ತೆರಿಗೆಯಲ್ಲಿ ವಿನಾಯಿತಿ ದೊರೆಯಿತು. ನಾನೂ ನೋಡಿದೆ, ಒಳ್ಳೆಯ ಚಿತ್ರ. ಚಿತ್ರಮಂದಿರದ ಮೆಟ್ಟಿಲಿನ ಕೆಳಗೆ ಮೈತುಂಬ ಕಜ್ಜಿಯಾಗಿ ಮಲಗಿದ್ದ ನಾಯಿಯನ್ನು ಕಾವಲುಗಾರ ಕೋಲಿನಿಂದ ಎಬ್ಬಿಸುತ್ತಿದ್ದ, ಅಳುತ್ತಿದ್ದವರಿಗೆ ದಾರಿಯಾಗಲೆಂದು. ಅದೇ ವರ್ಷ ರಾಜ್ಯ ಸರ್ಕಾರ ಜಾನುವಾರುಗಳ ಮನೆಬಾಗಿಲ ಚಿಕಿತ್ಸೆಗಾಗಿ 275 ಪಶು ಸಂಜೀವಿನಿ ವಾಹನಗಳನ್ನು ಕೊಟ್ಟಿತು. 1962ಕ್ಕೆ ಕರೆ ಮಾಡಬಹುದು. ರೈತರ ಎತ್ತು ಎಮ್ಮೆಗಳಿಗೆ ಅದು ದೊಡ್ಡ ಉಪಕಾರ. ನೆರೆಯ ಸೋಲಾಪುರದಲ್ಲಿ 2003ರಿಂದ ‘ಅನಿಮಲ್ ರಾಹತ್’ ಸಂಸ್ಥೆ ದುಡಿಯುವ ಎತ್ತು, ಕತ್ತೆ, ಕುದುರೆಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಾ ಬಂದಿದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ವಿಭಾಗದ ಬೀದರಿನಲ್ಲಿದೆ. ವಿದ್ಯೆ ಇಲ್ಲ, ವೈದ್ಯರಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಆದುದರಿಂದ ಒಂದು ಮನವಿಯನ್ನು ಬರೆದಿದ್ದೇನೆ. ಮೂರು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೂ ಒಂದೊಂದು ಪ್ರತಿ. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಬ್ಯಾನರ್ ಕಟ್ಟಿ ಫೋಟೋ ತೆಗೆಸುವ ಬದಲು ಆ ವಾರ ಓಣಿ ಓಣಿಗೆ ಲಸಿಕೆಯ ಗಾಡಿ ಬರಲಿ. ಸಂತಾನಹರಣಕ್ಕೆ ತಿಂಗಳಿಗೆ ಎರಡು ದಿನ ನಿಗದಿಯಾಗಲಿ. ಗಾಯಗೊಂಡ ನಾಯಿಯನ್ನು ಆರು ವಾರ ಇಡಲು ಪಶು ಆಸ್ಪತ್ರೆಯ ಹಿತ್ತಲಲ್ಲಿ ತಗಡಿನ ಒಂದು ಕೋಣೆ ದೊರೆಯಲಿ. ರಾತ್ರಿ ಯಾರಿಗೆ ಕರೆ ಮಾಡಬೇಕೆಂಬ ಸಂಖ್ಯೆಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಿ. ಮತ್ತು ಆ ನಮೂನೆಯಲ್ಲಿ ಮಾಲೀಕರ ಹೆಸರಿನ ಕೆಳಗೆ ‘ಓಣಿ’ ಎಂಬುದಕ್ಕೂ ಒಂದು ಗೆರೆ ಸೇರಲಿ. ಇಷ್ಟೇ ಅದರಲ್ಲಿರುವುದು. ವ್ಯಾಕರಣದ ತಪ್ಪುಗಳಿಲ್ಲ, ನಾನೇ ತಿದ್ದಿದ್ದೇನೆ.

ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿರುವ ನೀವು ಊರಿನ ಗುಡಿಯ ಕಳಸಕ್ಕೆ, ಜಾತ್ರೆಯ ಪಟಾಕಿಗೆ ಹಣ ಕಳುಹಿಸುತ್ತೀರಿ, ಬೇಡವೆನ್ನುವುದಿಲ್ಲ. ಎಳ್ಳಮವಾಸ್ಯೆಗೆ ಹೇಗೂ ಬರುತ್ತೀರಿ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ಕಡಬು ಉಂಡು, ಸಂಜೆ ಪಟ್ಟಣಕ್ಕೆ ಹಿಂತಿರುಗುವಾಗ ಪಂಕ್ಚರ್ ಅಂಗಡಿಯ ಮುಂದೆ ವಾಹನ ನಿಲ್ಲಿಸಿರಿ. ಮನವಿಯ ಹಾಳೆಗಳು ಅಲ್ಲಿಯೇ, ಗಾಳಿ ತುಂಬುವ ಯಂತ್ರದ ಪಕ್ಕದ ಕಪಾಟಿನಲ್ಲಿ ಇವೆ. ಪೆನ್ನು ನೀವೇ ತನ್ನಿರಿ. ಅಲ್ಲಿರುವ ಪೆನ್ನಿಗೆ ಗ್ರೀಸು ಹತ್ತಿದೆ.